ಜನ ವಾಸಕ್ಕೆ ಬಂದ ಮೇಲೆ ಅಳೆಯಿರಿ: ಸುಸ್ಥಿರ ನಗರ ವಿನ್ಯಾಸದ ಮೌಲ್ಯಮಾಪನ

(ನಗರ ಯೋಜನೆಯ ವಿದ್ಯಾರ್ಥಿಗಳು ಮತ್ತು ಆಸಕ್ತ ನಾಗರಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಹೊಸ ಬಡಾವಣೆಯೊಂದರ ಮಾದರಿಯನ್ನು ನಿಮ್ಮ ಮುಂದಿಟ್ಟು, "ಇದು ಸುಸ್ಥಿರ ವಿನ್ಯಾಸ ಹೌದೋ ಅಲ್ಲವೋ ಹೇಳಿ" ಎಂದರೆ ಏನನ್ನು ನೋಡುತ್ತೀರಿ? ಬಹಳ ಜನ ಮೊದಲು ನೋಡುವುದು ಹಸಿರು ಬಣ್ಣವನ್ನು. ತಾರಸಿಯ ಮೇಲೆ ಗಿಡ, ಸೌರಫಲಕ, ಸೈಕಲ್ ದಾರಿ, ನಡುವೆ ಒಂದು ಕೊಳ, ಕೊಳದ ದಂಡೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವ ತಾಯಿ. ಆ ತಾಯಿ ಎಲ್ಲ ಯೋಜನೆಗಳ ಚಿತ್ರದಲ್ಲೂ ಇರುತ್ತಾಳೆ. ಅಲ್ಲಿನ ಮನೆ ಬಾಡಿಗೆಯನ್ನು ಅವಳು ಎಲ್ಲಿಂದ ತಂದು ಕಟ್ಟುತ್ತಾಳೆ ಎಂಬುದು ಮಾತ್ರ ಯಾವ ಚಿತ್ರದಲ್ಲೂ ಇರುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ವಿನ್ಯಾಸ ಸುಸ್ಥಿರ ಹೌದೋ ಅಲ್ಲವೋ ಎಂಬ ತೀರ್ಪನ್ನು ಜನ ಅಲ್ಲಿ ವಾಸಕ್ಕೆ ಬಂದ ಮೇಲೆ ಕೊಡಬೇಕು. ಯಾವ ಅಳತೆಗೋಲು ಹಿಡಿದು ಕೊಡುತ್ತೇವೆ ಎಂಬುದನ್ನು ಮಾತ್ರ ಮೊದಲ ಗುದ್ದಲಿ ಬೀಳುವ ಮುಂಚೆಯೇ ಬರೆದಿಡಬೇಕು. ಈಗ ನಡೆಯುತ್ತಿರುವುದು ಇದರ ತದ್ವಿರುದ್ಧ. ತೀರ್ಪು ಮೊದಲೇ ಬಂದಿರುತ್ತದೆ, ಪ್ರಮಾಣಪತ್ರದ ಫಲಕವೂ ಗೋಡೆಗೆ ಏರಿರುತ್ತದೆ. ಅಳತೆ ಯಾರಾದರೂ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸ್ಟಾಕ್‌ಹೋಮ್‌ನ ಹಮ್ಮರ್‌ಬಿ ಶೋಸ್ತಾದ್ ಎಂಬ ಬಡಾವಣೆಯಿಂದ ಶುರು ಮಾಡೋಣ. ನೀರಿನ ಅಂಚಿನಲ್ಲಿದ್ದ ಹಳೆಯ ಕೈಗಾರಿಕಾ ಜಾಗ ಅದು. 2004ರ ಒಲಿಂಪಿಕ್ಸ್ ತಮಗೆ ಸಿಗಲಿ ಎಂದು ನಗರ ಪ್ರಯತ್ನಿಸುತ್ತಿದ್ದ 1990ರ ದಶಕದಲ್ಲಿ ಅದರ ಪರಿಸರ ಗುರಿಗಳು ರೂಪುಗೊಂಡವು. ಕ್ರೀಡಾಕೂಟ ಅಥೆನ್ಸ್‌ಗೆ ಹೋಯಿತು, ಬಡಾವಣೆ ಉಳಿಯಿತು. ಆಗ ಇಟ್ಟುಕೊಂಡ ಗುರಿ ಬಹಳ ಸರಳ: ಅಂದು ಕಟ್ಟಲಾಗುತ್ತಿದ್ದ ಸಾಮಾನ್ಯ ಹೊಸ ಕಟ್ಟಡಗಳಿಗಿಂತ ಎರಡು ಪಟ್ಟು ಉತ್ತಮವಾಗಿರಬೇಕು. ಶಕ್ತಿಯ ವಿಷಯದಲ್ಲಿ ಇದಕ್ಕೆ ಒಂದು ಅಂಕಿಯನ್ನೂ ಕೊಟ್ಟರು. ಒಂದು ಚದರ ಮೀಟರಿಗೆ ವರ್ಷಕ್ಕೆ 60 ಯೂನಿಟ್, ಅಂದರೆ 60 ಕಿಲೋವ್ಯಾಟ್ ಗಂಟೆ. ಜನ ಬಂದು ನೆಲೆಸಿದ ಮೇಲೆ ಅಳೆದಾಗ ಬಹಳಷ್ಟು ಕಟ್ಟಡಗಳು ಆ ಅಂಕಿಯನ್ನು ದಾಟಿಹೋಗಿದ್ದವು.

ಹಾಗಾದರೆ ಅದು ಸೋತ ಯೋಜನೆಯೇ? ನಾನು ಹಾಗೆ ಹೇಳಲಾರೆ. ಅಲ್ಲಿ ಟ್ರಾಮ್ ಇದೆ, ಹೆಚ್ಚಿನ ಓಡಾಟ ಕಾರಿಲ್ಲದೆ ನಡೆಯುತ್ತದೆ, ಕೊಳಚೆ ನೀರಿನಲ್ಲಿ ಉಳಿದ ಶಾಖವನ್ನೂ ಹಿಂಡಿ ಮನೆ ಬೆಚ್ಚಗಿಡಲು ಬಳಸುತ್ತಾರೆ. ಶಕ್ತಿ ಬಳಕೆಯ ಗುರಿ ಮುಟ್ಟಲಿಲ್ಲ, ಓಡಾಟದ ವಿಷಯದಲ್ಲಿ ಗೆದ್ದರು. ನಾವಿಲ್ಲಿ ಕುಳಿತು ಇಷ್ಟು ಸ್ಪಷ್ಟವಾಗಿ ಹೇಳಲು ಸಾಧ್ಯವಾಗಿರುವುದು ಅವರು ಮೊದಲೇ ಒಂದು ಅಂಕಿಯನ್ನು, ಒಂದು ಹೋಲಿಕೆಯನ್ನು ಬರೆದಿಟ್ಟಿದ್ದರಿಂದ.

ಇದಕ್ಕೆ ಎದುರಾಗಿ ಅಬುಧಾಬಿ ಬಳಿಯ ಮಸ್ದರ್ ಸಿಟಿಯನ್ನು ನೋಡಿ. 2006ರಲ್ಲಿ ಘೋಷಣೆಯಾದಾಗ ಅದು ಸುಮಾರು 50,000 ಜನ ವಾಸಿಸುವ ಶೂನ್ಯ ಇಂಗಾಲದ ನಗರವಾಗಬೇಕಿತ್ತು, 2016ರ ಹೊತ್ತಿಗೆ ಮುಗಿಯಬೇಕಿತ್ತು. ಗಡುವು 2030ರವರೆಗೆ ಹಿಗ್ಗಿತು, ಶೂನ್ಯ ಇಂಗಾಲ ಎಂಬ ಮಾತು ಕಡಿಮೆ ಇಂಗಾಲ ಎಂದು ಮೆತ್ತಗಾಯಿತು, ಕಾರಿಗೆ ಬದಲಾಗಿ ಬರಬೇಕಿದ್ದ ಚಾಲಕರಹಿತ ಪುಟ್ಟ ವಾಹನಗಳು ಪ್ರಾಯೋಗಿಕ ಹಂತದಲ್ಲೇ ನಿಂತವು. ಅಲ್ಲಿನ ಇಕ್ಕಟ್ಟಾದ ನೆರಳಿನ ಬೀದಿಗಳು ಮರುಭೂಮಿಯ ಬಿಸಿಲಿಗೆ ಒಳ್ಳೆಯ ಉತ್ತರ, ಅದರಲ್ಲಿ ಅನುಮಾನವಿಲ್ಲ. ಗುರಿಯೇ ಜಾಗ ಬದಲಿಸುತ್ತಾ ಹೋದರೆ ಮೌಲ್ಯಮಾಪಕ ಎಲ್ಲಿ ನಿಂತು ಅಳೆಯಬೇಕು ಎಂಬುದಷ್ಟೇ ನನ್ನ ತಕರಾರು.

ಈಗ ಪ್ರಮಾಣಪತ್ರಗಳ ವಿಷಯ. ಕಟ್ಟಡ ಎಷ್ಟು ಪರಿಸರಸ್ನೇಹಿ ಎಂದು ಅಂಕ ಹಾಕಿ ಪ್ರಮಾಣಪತ್ರ ಕೊಡುವ ಬ್ರೀಯಮ್ ಎಂಬ ಪದ್ಧತಿ ಬ್ರಿಟನ್ನಿನಲ್ಲಿ 1990ರಲ್ಲಿ ಬಂತು. ಅದೇ ದಶಕದ ಕೊನೆಗೆ ಅಮೆರಿಕದಲ್ಲಿ ಲೀಡ್ ಬಂತು, ಆಮೇಲೆ ಜಪಾನಿನ ಕ್ಯಾಸ್ಬೀ, ಜರ್ಮನಿಯ ಡಿಜಿಎನ್‌ಬಿ. ಕಟ್ಟಡಕ್ಕಷ್ಟೇ ಸಾಲದು, ಇಡೀ ಬಡಾವಣೆಗೂ ಅಂಕ ಕೊಡಬೇಕು ಎಂದು 2009ರಲ್ಲಿ ಲೀಡ್‌ನ ಬಡಾವಣೆ ಆವೃತ್ತಿಯೂ ಹೊರಬಂತು. ಇವುಗಳನ್ನು ತಮಾಷೆ ಮಾಡುವುದು ಸುಲಭ. ಇವು ಬರುವ ಮುಂಚೆ ನೀರು, ಶಕ್ತಿ, ಸಾಮಗ್ರಿ, ಒಳಾಂಗಣದ ಗಾಳಿ ಇವೆಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಮಾತಾಡುವ ರೂಢಿ ಗುತ್ತಿಗೆದಾರರಿಗೂ ಇರಲಿಲ್ಲ, ವಾಸ್ತುಶಿಲ್ಪಿಗಳಿಗೂ ಇರಲಿಲ್ಲ. ಅಷ್ಟು ಉಪಕಾರವನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೀಡ್ ಪ್ರಮಾಣಪತ್ರ ಪಡೆದ 100 ಕಟ್ಟಡಗಳು ನಿಜವಾಗಿ ಖರ್ಚು ಮಾಡಿದ ಶಕ್ತಿಯನ್ನು ಸಾಮಾನ್ಯ ಕಟ್ಟಡಗಳ ಜೊತೆ ಹೋಲಿಸಿ ನೋಡಿದರು. ಸರಾಸರಿಯಲ್ಲಿ ಪ್ರಮಾಣಿತ ಕಟ್ಟಡಗಳು ಶೇ. 18ರಿಂದ 39ರಷ್ಟು ಕಡಿಮೆ ಬಳಸಿದ್ದವು. ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ತಟ್ಟಬಹುದು. ಆದರೆ ಅದೇ ಅಧ್ಯಯನದಲ್ಲಿ ಶೇ. 28ರಿಂದ 35ರಷ್ಟು ಪ್ರಮಾಣಿತ ಕಟ್ಟಡಗಳು ತಮ್ಮ ಜೋಡಿಯಾಗಿದ್ದ ಸಾಮಾನ್ಯ ಕಟ್ಟಡಕ್ಕಿಂತ ಹೆಚ್ಚೇ ಶಕ್ತಿ ಬಳಸಿದ್ದವು. ಕಟ್ಟಡಕ್ಕೆ ಸಿಕ್ಕಿದ ಪ್ರಮಾಣಪತ್ರ ಬೆಳ್ಳಿ ದರ್ಜೆಯದೋ ಚಿನ್ನದ ದರ್ಜೆಯದೋ ಎಂಬುದಕ್ಕೂ ಅದು ಖರ್ಚು ಮಾಡಿದ ಶಕ್ತಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ.

ಹೀಗೇಕಾಗುತ್ತದೆ? ಅಂಕ ಸಿಗುವುದು ಬಹುಪಾಲು ನಕ್ಷೆಯ ಹಂತದಲ್ಲಿ, ಕಂಪ್ಯೂಟರ್ ಲೆಕ್ಕದ ಆಧಾರದ ಮೇಲೆ. ಆ ಲೆಕ್ಕದಲ್ಲಿ ಕಚೇರಿ ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತದೆ. ನಿಜ ಜೀವನದಲ್ಲಿ ಯಾರೋ ಒಬ್ಬರು ರಾತ್ರಿ ಹತ್ತರವರೆಗೂ ಕೆಲಸ ಮಾಡುತ್ತಾರೆ, ಅವರೊಬ್ಬರಿಗಾಗಿ ಇಡೀ ಮಹಡಿಯ ಏಸಿ ಓಡುತ್ತದೆ. ಲೆಕ್ಕದಲ್ಲಿ ಕಿಟಕಿಯ ಸಂದುಗಳು ಬಿಗಿಯಾಗಿರುತ್ತವೆ, ಕಟ್ಟುವಾಗ ಸಡಿಲವಾಗಿರುತ್ತವೆ. ನಿಯಂತ್ರಣ ವ್ಯವಸ್ಥೆಯನ್ನು ಜೋಡಿಸಿದವರು ಬಿಲ್ ಪಾಸಾದ ಮಾರನೇ ದಿನ ಕಾಣುವುದಿಲ್ಲ. ಉಳಿದ ಸಿಬ್ಬಂದಿಗೆ ಅದರ ಗುಂಡಿ ಒತ್ತುವುದಷ್ಟೇ ಗೊತ್ತು. ಇದು ಯಾರ ಮೋಸವೂ ಅಲ್ಲ ಎಂಬುದನ್ನು ಗಮನಿಸಿ. ಎಲ್ಲರೂ ಪ್ರಾಮಾಣಿಕರಾಗಿದ್ದರೂ ಕಾಗದಕ್ಕೂ ಕಟ್ಟಡಕ್ಕೂ ಇಷ್ಟು ಅಂತರ ಬಿದ್ದೇ ಬೀಳುತ್ತದೆ.

ಇನ್ನೊಂದು ತೊಂದರೆ ಕೂಡಿಸುವ ಲೆಕ್ಕದ್ದು. ಅಂಕಗಳನ್ನು ಕೂಡಿಸುವ ಪದ್ಧತಿಯಲ್ಲಿ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ಮುಚ್ಚಿಬಿಡುತ್ತದೆ. ಬಿಸಿಲಿಗೆ ಮೈಯೊಡ್ಡಿ ನಿಂತ ಗಾಜಿನ ಪೆಟ್ಟಿಗೆಯಂಥ ಕಟ್ಟಡ, ಅದರ ತಾರಸಿಯಲ್ಲಿ ಅಂಕ ತರುವ ಒಂದು ತೋಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಇದನ್ನು ತಡೆಯುವ ದಾರಿ ಹೊಸದೇನಲ್ಲ: ಕೆಲವು ವಿಷಯಗಳನ್ನು ಅಂಕದ ಪಟ್ಟಿಯಿಂದ ತೆಗೆದು ಷರತ್ತಿನ ಪಟ್ಟಿಗೆ ಹಾಕಬೇಕು. ಲೀಡ್‌ನ ಬಡಾವಣೆ ಆವೃತ್ತಿಯಲ್ಲೇ ಜಾಗದ ಆಯ್ಕೆ ಒಂದು ಕಡ್ಡಾಯ ಷರತ್ತು. ಜೌಗು ಪ್ರದೇಶವನ್ನು ತುಂಬಿಸಿ ಕಟ್ಟಿ, ಆಮೇಲೆ ಸೌರಫಲಕ ಹಾಕಿ ಸರಿದೂಗಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದರು, ನನಗೆ ಅದೇ ಹೆಚ್ಚು ಇಷ್ಟ. 1990ರ ದಶಕದ ಕೊನೆಯಲ್ಲಿ ಶುರುವಾಗಿ ಈಗ ನೇಬರ್ಸ್ ಎಂದು ಕರೆಸಿಕೊಳ್ಳುವ ಅಲ್ಲಿನ ಪದ್ಧತಿಯಲ್ಲಿ ಕಚೇರಿ ಕಟ್ಟಡಕ್ಕೆ ನಕ್ಷತ್ರ ಸಿಗುವುದು ಹನ್ನೆರಡು ತಿಂಗಳ ನಿಜವಾದ ಮೀಟರ್ ಓದಿಕೆಯ ಮೇಲೆ. ಆ ನಕ್ಷತ್ರಗಳಿಗೆ ಅವಧಿ ಇದೆ; ಅದು ತೀರಿದ ಮೇಲೆ ಮತ್ತೆ ಅಳೆಯಬೇಕು. ದೊಡ್ಡ ಕಚೇರಿಯನ್ನು ಮಾರುವವರು, ಬಾಡಿಗೆಗೆ ಕೊಡುವವರು ತಮ್ಮ ನಕ್ಷತ್ರ ಎಷ್ಟೆಂದು ಜಾಹೀರಾತಿನಲ್ಲೇ ಹೇಳಬೇಕು ಎಂದು 2010ರಲ್ಲಿ ಕಾನೂನೂ ಬಂತು. ಕಡಿಮೆ ನಕ್ಷತ್ರದ ಕಟ್ಟಡದ ಮಾಲೀಕ ಮುಖ ಮುಚ್ಚಿಕೊಳ್ಳಲು ಜಾಗವಿಲ್ಲ. ಮಾರುಕಟ್ಟೆ ತನ್ನ ಕೆಲಸ ತಾನು ಮಾಡಿಕೊಂಡಿತು.

ಇಷ್ಟು ಹೊತ್ತು ಕಟ್ಟಡದ ವಿಷಯ ಹೇಳಿದೆ. ನಗರಕ್ಕೆ ಬಂದರೆ ಗಡಿ ಎಳೆಯುವುದೇ ದೊಡ್ಡ ಕೆಲಸ. ಲೆಕ್ಕದ ಬೇಲಿಯನ್ನು ಎಲ್ಲಿ ಹಾಕುತ್ತೀರಿ? ಊರಾಚೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಕಟ್ಟಿದ ಕಚೇರಿ ತನ್ನ ಕಾಂಪೌಂಡಿನೊಳಗೆ ಎಷ್ಟೇ ಶುದ್ಧವಾಗಿದ್ದರೂ, ಅಲ್ಲಿಗೆ ದಿನಾ ಕಾರಿನಲ್ಲಿ ಬರುವ ಸಾವಿರಾರು ಜನರ ಹೊಗೆ ಆ ಕಾಂಪೌಂಡಿನ ಲೆಕ್ಕಕ್ಕೆ ಸೇರುವುದಿಲ್ಲ. ಬೇಲಿ ಸ್ವಲ್ಪ ಆಚೆ ಸರಿಸಿ, ತೀರ್ಪು ತಲೆಕೆಳಗಾಗುತ್ತದೆ. ಆದ್ದರಿಂದ ಯಾವುದೇ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಬೇಲಿ ಎಲ್ಲಿದೆ ಎಂಬುದನ್ನು. ಅದು ಬರೆದಿಲ್ಲದಿದ್ದರೆ ಒಳಗಿನ ಬಣ್ಣದ ನಕ್ಷೆಗಳನ್ನು ಓದುವ ಶ್ರಮ ಬೇಡ.

ಕಾಲದ ಬೇಲಿಯೂ ಇದೆ. ಹಳೆಯದನ್ನು ಕೆಡವಿ ಹೊಸ ಹಸಿರು ಕಟ್ಟಡ ಕಟ್ಟುವುದು ಒಳ್ಳೆಯದೋ, ಹಳೆಯದನ್ನೇ ದುರಸ್ತಿ ಮಾಡುವುದೋ? ಇದಕ್ಕೆ ಒಂದು ಚಿಕ್ಕ ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನೇ ಇಟ್ಟುಕೊಂಡವು, ಯಾವುದೇ ನಿಜ ಕಟ್ಟಡದವಲ್ಲ. ಹಳೆಯ ಕಟ್ಟಡ ಚದರ ಮೀಟರಿಗೆ ವರ್ಷಕ್ಕೆ 150 ಯೂನಿಟ್ ಬಳಸುತ್ತದೆ, ಹೊಸದು 60 ಎಂದುಕೊಳ್ಳಿ. ಉಳಿತಾಯ 90 ಯೂನಿಟ್. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದಾದರೆ ವರ್ಷಕ್ಕೆ 45 ಕಿಲೋ ಉಳಿಯಿತು. ಆದರೆ ಹೊಸ ಕಟ್ಟಡದ ಸಿಮೆಂಟು, ಉಕ್ಕು, ಗಾಜು, ಸಾಗಾಟ ಎಲ್ಲ ಸೇರಿ ಕಟ್ಟುವಾಗಲೇ ಚದರ ಮೀಟರಿಗೆ 600 ಕಿಲೋ ಹೊರಬಿದ್ದಿದೆ. ಆ ಸಾಲ ತೀರಲು 13 ವರ್ಷ ಬೇಕು. ಈಗ ವಿದ್ಯುತ್ತೇ ಶುದ್ಧವಾಗುತ್ತಾ ಬಂದು ಯೂನಿಟ್ಟಿಗೆ 0.2 ಕಿಲೋಗೆ ಇಳಿಯಿತು ಎನ್ನಿ. ವರ್ಷದ ಉಳಿತಾಯ 18 ಕಿಲೋ ಮಾತ್ರ. ಸಾಲ ತೀರಲು 33 ವರ್ಷ. ಅದರ ಬದಲು ಚದರ ಮೀಟರಿಗೆ 200 ಕಿಲೋ ಇಂಗಾಲದ ವೆಚ್ಚದಲ್ಲಿ ಹಳೆಯ ಕಟ್ಟಡಕ್ಕೇ ಹೊಸ ಕಿಟಕಿ, ಶಾಖನಿರೋಧಕ ಹೊದಿಕೆ, ಹೊಸ ಯಂತ್ರಗಳನ್ನು ಕೂರಿಸಿ ಬಳಕೆಯನ್ನು 90 ಯೂನಿಟ್ಟಿಗೆ ಇಳಿಸಿದ್ದರೆ? ಮೊದಲಿನ ವಿದ್ಯುತ್ತಿನಲ್ಲಿ ಏಳು ವರ್ಷಕ್ಕೂ ಮೊದಲೇ ಸಾಲ ತೀರುತ್ತದೆ, ಶುದ್ಧ ವಿದ್ಯುತ್ತಿನಲ್ಲಿ ಸುಮಾರು 17 ವರ್ಷಕ್ಕೆ.

ಗ್ರಿಡ್ ಶುದ್ಧವಾದಷ್ಟೂ ಕಟ್ಟುವಾಗ ಬಿಟ್ಟ ಇಂಗಾಲದ ತೂಕ ಹೆಚ್ಚುತ್ತಾ ಹೋಗುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ಗಮನಿಸಬೇಕು. ಜಗತ್ತಿನ ಇಂಗಾಲ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲೇ ಶೇ. 7–8ರಷ್ಟಿದೆ. ಇದನ್ನು ಅರ್ಥಮಾಡಿಕೊಂಡ ಡೆನ್ಮಾರ್ಕ್ 2023ರಿಂದ 1,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಒಂದು ಮಿತಿ ಹಾಕಿತು. ಕಟ್ಟುವುದು, ಬಳಸುವುದು, ಕೊನೆಗೆ ಕೆಡವುವುದು ಎಲ್ಲವನ್ನೂ 50 ವರ್ಷಕ್ಕೆ ಹಂಚಿ ನೋಡಿದಾಗ ಹೊರಬೀಳುವ ಇಂಗಾಲ ಚದರ ಮೀಟರಿಗೆ ವರ್ಷಕ್ಕೆ 12 ಕಿಲೋ ದಾಟಬಾರದು ಎಂಬುದು ಆಗಿನ ಮಿತಿಯಾಗಿತ್ತು. ಕೆಡವುವ ಅನುಮತಿ ಕೇಳಿ ಬಂದವರ ಮುಂದೆ ಇಂಥ ಲೆಕ್ಕವನ್ನು ಇಡದ ಊರಿನಲ್ಲಿ ಹಸಿರು ಕಟ್ಟಡದ ಪ್ರೋತ್ಸಾಹಧನ ಕೊಡುವುದು ನನ್ನ ದೃಷ್ಟಿಯಲ್ಲಿ ಅವಸರದ ಕೆಲಸ.

ನೀರಿಗೆ ಬರೋಣ. ಮಳೆನೀರು ಹರಿದುಹೋಗುವ ಬದಲು ನೆಲಕ್ಕೆ ಇಂಗಲಿ ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ಚೀನಾ ಇದನ್ನು ಸ್ಪಂಜು ನಗರ ಎಂಬ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. 2015ರ ಸರ್ಕಾರಿ ಮಾರ್ಗಸೂಚಿಯಲ್ಲಿ ಸುರಿದ ಮಳೆಯ ಶೇ. 70ರಷ್ಟನ್ನು ಅಲ್ಲಲ್ಲೇ ಹಿಡಿದು ಬಳಸಬೇಕು, 2030ರ ಹೊತ್ತಿಗೆ ನಗರ ಪ್ರದೇಶದ ಶೇ. 80ರಷ್ಟು ಜಾಗ ಹೀಗಿರಬೇಕು ಎಂದಿತ್ತು. ಈ ಕಾಮಗಾರಿಗಳಿಗೆ ಅಪಾರ ಹಣ ಸುರಿದ ನಗರಗಳಲ್ಲಿ ಝೆಂಗ್‌ಝೌ ಒಂದು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಬಿತ್ತು. ಮೆಟ್ರೋ ಸುರಂಗಕ್ಕೆ ನೀರು ನುಗ್ಗಿ ಪ್ರಯಾಣಿಕರು ಸತ್ತರು. ಸ್ಪಂಜು ನಗರ ಎಂಬುದೇ ಸುಳ್ಳು ಎಂದು ಜನ ಸಿಟ್ಟಾದರು.

ಆ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಮೌಲ್ಯಮಾಪಕರಾಗಿ ನಾವು ಅಳತೆಗೋಲನ್ನು ನೋಡಬೇಕು. ವರ್ಷದ ಮಳೆಯಲ್ಲಿ ಇಷ್ಟು ಪಾಲನ್ನು ಹಿಡಿದಿಡಬೇಕು ಎಂಬ ಗುರಿ ಸಾಮಾನ್ಯ ಮಳೆಗಳಿಗೆ ಸಂಬಂಧಿಸಿದ್ದು. ವರ್ಷವಿಡೀ ಬೀಳುವ ಹತ್ತಾರು ಚಿಕ್ಕ ಮಳೆಗಳನ್ನು ಇಂಗಿಸಿದರೆ ಆ ಅಂಕಿ ಮುಟ್ಟಬಹುದು. ಶತಮಾನಕ್ಕೊಮ್ಮೆ ಬರುವ ಕುಂಭದ್ರೋಣ ಮಳೆಗೆ ಅದು ಉತ್ತರವಲ್ಲ. ಅಂಥ ಹೊತ್ತಿನಲ್ಲಿ ನೆಲ ಮೊದಲೇ ತೊಯ್ದು ತುಂಬಿರುತ್ತದೆ, ನೀರಿಗೆ ಹರಿಯಲು ದಾರಿ ಬೇಕು. ಕೋಪನ್‌ಹೇಗನ್ ನಗರ ಈ ಪಾಠವನ್ನು ಬೇರೆ ರೀತಿ ಕಲಿಯಿತು. 2011ರ ಜುಲೈ 2ರಂದು ಎರಡು ಗಂಟೆಯ ಆಸುಪಾಸಿನಲ್ಲಿ 100 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿದು ಊರು ಮುಳುಗಿತು. ಮರುವರ್ಷ ಬಂದ ಯೋಜನೆಯಲ್ಲಿ ಒಂದು ಸಾಲು ಹೀಗಿತ್ತು: ನೂರು ವರ್ಷಕ್ಕೊಮ್ಮೆ ಬರುವಂಥ ಮಳೆಯಲ್ಲೂ ಬೀದಿಯಲ್ಲಿ ನೀರು 10 ಸೆಂಟಿಮೀಟರ್ ದಾಟಬಾರದು. ಪಾರ್ಕುಗಳನ್ನು ತಗ್ಗಿಸುವುದು, ಕೆಲವು ಬೀದಿಗಳನ್ನೇ ಮಳೆಯ ಹೊತ್ತಿನ ಕಾಲುವೆಯಾಗಿ ರೂಪಿಸುವುದು, ಅಗತ್ಯವಿದ್ದಲ್ಲಿ ಸುರಂಗ ಕೊರೆಯುವುದು, ಎಲ್ಲವೂ ಆ ಒಂದು ಸಾಲಿನಿಂದ ಹುಟ್ಟಿದವು. ಹತ್ತು ಸೆಂಟಿಮೀಟರ್ ಎಂಬುದನ್ನು ಅಂಗಡಿಯ ಬಾಗಿಲಲ್ಲಿ ನಿಂತು ಅಡಿಕೋಲು ಹಿಡಿದು ಯಾರು ಬೇಕಾದರೂ ಅಳೆಯಬಹುದು. ಸಾಮಾನ್ಯ ನಾಗರಿಕ ತಾನೇ ಪರೀಕ್ಷಿಸಬಹುದಾದ ಗುರಿ ಎಂದರೆ ಇದು.

ಹಸಿರಿಗೂ ಅಳತೆ ಇದೆ. ಬರ್ಲಿನ್‌ನಲ್ಲಿ ಮೊದಲು ರೂಪುಗೊಂಡ ಒಂದು ಸೂತ್ರವನ್ನು ಸ್ವೀಡನ್ನಿನ ಮಾಲ್ಮೋ ನಗರ 2001ರ ತನ್ನ ಬೋ01 ಬಡಾವಣೆಗೆ ಅಳವಡಿಸಿಕೊಂಡಿತು. ಕಾಂಕ್ರೀಟ್ ಮುಚ್ಚಿದ ನೆಲಕ್ಕೆ 0, ಆಳವಾದ ಮಣ್ಣಿನಲ್ಲಿ ಬೆಳೆದ ಹಸಿರಿಗೆ 1, ನಡುವಿನವಕ್ಕೆ ನಡುವಿನ ಅಂಕ. ನಿವೇಶನದ ಒಟ್ಟು ಸರಾಸರಿ 0.5 ಇರಬೇಕು. ಸೂತ್ರ ಚೆಂದವೇ, ಆದರೆ ಬೋಳು ಹುಲ್ಲುಹಾಸು ಹಾಸಿಯೂ ಅಂಕ ಗಿಟ್ಟಿಸಬಹುದಲ್ಲ? ಅದಕ್ಕಾಗಿ 35 ಅಂಶಗಳ ಇನ್ನೊಂದು ಪಟ್ಟಿ ಮಾಡಿ ಅದರಲ್ಲಿ 10ನ್ನಾದರೂ ಆರಿಸಿಕೊಳ್ಳಬೇಕು ಎಂದರು. ಬಾವಲಿಗಳಿಗೆ ಗೂಡು, ಕಪ್ಪೆಗಳಿಗೆ ನೆಲೆ, ಹೀಗೆ. ವಿಸ್ತೀರ್ಣವನ್ನು ಅಳೆಯುವ ಸೂಚ್ಯಂಕ, ಜೊತೆಗೆ ಅದನ್ನು ಕಾವಲು ಕಾಯುವ ಇನ್ನೊಂದು. ಒಂದೇ ಸೂಚ್ಯಂಕವನ್ನು ಒಂಟಿಯಾಗಿ ಬಿಟ್ಟರೆ ಬುದ್ಧಿವಂತ ಬಿಲ್ಡರ್ ಆರು ತಿಂಗಳಲ್ಲಿ ಅದರ ಸಂದು ಕಂಡುಹಿಡಿಯುತ್ತಾನೆ.

ಸಾರಿಗೆಯಲ್ಲೂ ಇದೇ ಕಥೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹನ್ನೊಂದನೆಯದು ನಗರಗಳದ್ದು. ಅದರಡಿ ಬಸ್ಸಿನಂಥ ಸಾರಿಗೆಗೆ 500 ಮೀಟರ್, ಮೆಟ್ರೋ ಅಥವಾ ರೈಲಿಗೆ 1 ಕಿಲೋಮೀಟರ್ ಒಳಗೆ ಮನೆ ಇದ್ದರೆ ಸೌಲಭ್ಯ ಹತ್ತಿರದಲ್ಲಿದೆ ಎಂದು ಲೆಕ್ಕ. ಈ ದೂರವನ್ನು ಹೇಗೆ ಅಳೆಯುತ್ತೀರಿ ಎಂಬುದರಲ್ಲಿ ಎಲ್ಲ ಅಡಗಿದೆ. ನಿಲ್ದಾಣವನ್ನು ಕೇಂದ್ರ ಮಾಡಿ ನಕ್ಷೆಯ ಮೇಲೆ ಒಂದು ವೃತ್ತ ಎಳೆದರೆ ಕೆಲಸ ಐದು ನಿಮಿಷದ್ದು. ಆದರೆ ಹಕ್ಕಿಯಂತೆ ಹಾರಿ ಹೋಗುವವರು ಯಾರೂ ಇಲ್ಲ. ನಡುವೆ ರೈಲು ಹಳಿ, ಗೇಟೆಡ್ ಬಡಾವಣೆಯ ಉದ್ದನೆಯ ಗೋಡೆ, ದಾಟಲಾಗದ ಎಂಟು ಪಥದ ರಸ್ತೆ ಇದ್ದರೆ ವೃತ್ತದೊಳಗಿನ ಮನೆಯಿಂದಲೂ ಒಂದೂವರೆ ಕಿಲೋಮೀಟರ್ ನಡೆಯಬೇಕಾಗಬಹುದು. ನಡೆಯುವ ದಾರಿಯ ಮೇಲೆಯೇ ಅಳೆದರೆ ಅನುಕೂಲ ಪಡೆದವರ ಸಂಖ್ಯೆ ಗಣನೀಯವಾಗಿ ಕುಸಿಯುತ್ತದೆ. ಗಾಲಿಕುರ್ಚಿಯಲ್ಲಿ ಹೋಗುವವರ ದಾರಿ ಅಳೆದರೆ ಇನ್ನೂ ಕುಸಿಯುತ್ತದೆ. ಬಸ್ಸು ಗಂಟೆಗೊಂದು ಬರುತ್ತದೋ ಐದು ನಿಮಿಷಕ್ಕೊಂದೋ ಎಂಬುದು ಬೇರೆ ಪ್ರಶ್ನೆ, ಅದನ್ನೂ ಕೇಳಲೇಬೇಕು. ವಿದ್ಯಾರ್ಥಿಗಳಿಗೆ ನನ್ನ ಸಲಹೆ: ಯಾವ ಸಾಫ್ಟ್‌ವೇರ್ ತೆರೆಯುವ ಮೊದಲೂ ಆ ದಾರಿಯಲ್ಲಿ ಸಂಜೆ ಕತ್ತಲಾದ ಮೇಲೆ ಒಮ್ಮೆ ನಡೆದು ಬನ್ನಿ.

ಸಮಯವೂ ಮುಖ್ಯ. ವಿಯೆನ್ನಾದ ಆಸ್ಪರ್ನ್ ಬಡಾವಣೆಗೆ ಮೆಟ್ರೋ 2013ರಲ್ಲಿ ಬಂತು, ನಿವಾಸಿಗಳು ಬರತೊಡಗಿದ್ದು 2014ರಲ್ಲಿ. ಕಾರಿನ ಚಾಳಿ ಮನೆ ಬದಲಿಸಿದ ಮೊದಲ ಕೆಲವು ತಿಂಗಳಲ್ಲೇ ಗಟ್ಟಿಯಾಗುತ್ತದೆ. ರೈಲು ಹತ್ತು ವರ್ಷ ತಡವಾಗಿ ಬಂದರೆ ಅಷ್ಟರಲ್ಲಿ ಎಲ್ಲರ ಮನೆ ಮುಂದೆ ಎರಡೆರಡು ಕಾರು ನಿಂತಿರುತ್ತವೆ.

ಇನ್ನು ಜನರ ವಿಷಯ. ಮೌಲ್ಯಮಾಪನ ವರದಿಗಳಲ್ಲಿ ಇದು ಕೊನೆಯ ಅಧ್ಯಾಯವಾಗಿರುತ್ತದೆ, ತೆಳ್ಳಗೂ ಇರುತ್ತದೆ. ಸೋಲ್ ನಗರದ ಚೊಂಗ್ಯೆಚೊನ್ ತೊರೆಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ತೊರೆಯನ್ನು ಮುಚ್ಚಿ ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಿಂದ 2005ರ ನಡುವೆ ಹೆದ್ದಾರಿಯನ್ನು ಕೆಡವಿ ಸುಮಾರು 5.8 ಕಿಲೋಮೀಟರ್ ಉದ್ದಕ್ಕೆ ತೊರೆಯನ್ನು ಮತ್ತೆ ತೆರೆದರು. ಸುತ್ತಲ ಬೀದಿಗಳಿಗಿಂತ ಅಲ್ಲಿ ತಂಪು. ಮೀನು, ಹಕ್ಕಿ, ಕೀಟಗಳ ಜಾತಿಗಳು ಹೆಚ್ಚಿದವು. ಹೆದ್ದಾರಿ ಹೋದರೆ ಊರೇ ನಿಂತುಹೋಗುತ್ತದೆ ಎಂದವರ ಭಯ ನಿಜವಾಗಲಿಲ್ಲ. ಇದೊಂದು ಕಣ್ಣು. ಇನ್ನೊಂದು ಕಣ್ಣಿನಿಂದ ನೋಡಿ: ತೊರೆಯಲ್ಲಿ ಹರಿಯುವ ನೀರಿನ ಬಹುಪಾಲನ್ನು ಹಾನ್ ನದಿಯಿಂದ ವಿದ್ಯುತ್ ಪಂಪು ಹಚ್ಚಿ ತರಬೇಕು. ಮೂರನೆಯದು, ಆ ಹೆದ್ದಾರಿಯ ಆಸುಪಾಸಿನಲ್ಲಿ ಬದುಕು ಕಟ್ಟಿಕೊಂಡಿದ್ದ ಬೀದಿ ವ್ಯಾಪಾರಿಗಳು. ಅವರನ್ನು ಹತ್ತಿರದ ಹಳೆಯ ಕ್ರೀಡಾಂಗಣವೊಂದಕ್ಕೆ ಕಳಿಸಿದರು. ಕೆಲವು ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ವಿನ್ಯಾಸ ಕೇಂದ್ರ ಕಟ್ಟಲೆಂದು ಕೆಡವಿ ಅವರನ್ನು ಮತ್ತೆ ಎತ್ತಂಗಡಿ ಮಾಡಿದರು.

ಈ ಮೂರೂ ಸತ್ಯ. ಯಾವುದನ್ನೂ ಇನ್ನೊಂದರಿಂದ ಕಳೆಯಲು ಬರುವುದಿಲ್ಲ. ತಂಪಾದ ಗಾಳಿಯ ಡಿಗ್ರಿಗಳನ್ನು ವ್ಯಾಪಾರಿ ಕಳೆದುಕೊಂಡ ಗಿರಾಕಿಗಳ ಜೊತೆ ಕೂಡಿಸಿ ಭಾಗಿಸಲು ಯಾವ ಗಣಿತವೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಹಳೆಯ ರೈಲು ಸೇತುವೆಯ ಮೇಲೆ 2009ರಲ್ಲಿ ತೆರೆದ ಹೈ ಲೈನ್ ಉದ್ಯಾನದ ಸುತ್ತ ಆಸ್ತಿ ಬೆಲೆ ಜಿಗಿಯಿತು, ಹಾಗೆಯೇ ಪಕ್ಕದ ಸಾರ್ವಜನಿಕ ವಸತಿಗಳ ಜನಕ್ಕೆ ಆ ಉದ್ಯಾನ ತಮ್ಮದೆನಿಸಲಿಲ್ಲ ಎಂಬುದನ್ನು ಅದನ್ನು ಕಟ್ಟಿದವರೇ ಆಮೇಲೆ ಒಪ್ಪಿಕೊಂಡರು. ಹಸಿರು ಬಂದ ಕಡೆ ಬಾಡಿಗೆ ಏರುತ್ತದೆ ಎಂಬುದು ಈಗ ಅನಿರೀಕ್ಷಿತ ಸಂಗತಿಯಲ್ಲ. ಹಾಗಿರುವಾಗ ಕಾಮಗಾರಿ ಶುರುವಾಗುವ ಮೊದಲೇ ಅಲ್ಲಿ ಯಾರ್‍ಯಾರಿದ್ದಾರೆ, ಬಾಡಿಗೆ ಎಷ್ಟು, ಯಾವ ಅಂಗಡಿಗಳಿವೆ ಎಂದು ಬರೆದಿಟ್ಟುಕೊಳ್ಳದೆ ಆಮೇಲೆ "ಸಾಮಾಜಿಕ ಪರಿಣಾಮ ಉತ್ತಮ" ಎಂದು ಷರಾ ಬರೆಯುವುದು ಬೇಜವಾಬ್ದಾರಿ. ಹತ್ತು ವರ್ಷದ ಮೇಲೆ ಅಲ್ಲಿ ಉಳಿದವರನ್ನಷ್ಟೇ ಕೇಳಿದರೆ ಎಲ್ಲರೂ ಸಂತೋಷವಾಗಿಯೇ ಇರುತ್ತಾರೆ. ಸಂತೋಷವಿಲ್ಲದವರು ಬಿಟ್ಟುಹೋಗಿರುತ್ತಾರೆ.

ಕೊನೆಯದಾಗಿ ಲಂಡನ್ನಿನ ಬೆಡ್‌ಜೆಡ್. 2002ರಲ್ಲಿ ಮುಗಿದ ಈ ಪುಟ್ಟ ಬಡಾವಣೆ ಜಗತ್ತಿನಾದ್ಯಂತ ಪಾಠವಾಯಿತು. ದಪ್ಪನೆಯ ಶಾಖನಿರೋಧಕ ಗೋಡೆ, ದಕ್ಷಿಣಕ್ಕೆ ಮುಖ ಮಾಡಿದ ಗಾಜಿನ ಬಿಸಿಲುಕೋಣೆ, ಛಾವಣಿಯ ಮೇಲೆ ಗಾಳಿಯ ದಿಕ್ಕಿಗೆ ತಿರುಗುವ ಬಣ್ಣದ ಗಾಳಿಗೊಳವೆಗಳು, ಮರದ ಚೂರು ಉರಿಸಿ ವಿದ್ಯುತ್ತನ್ನೂ ಶಾಖವನ್ನೂ ಕೊಡುವ ಘಟಕ, ಕೊಳಚೆ ಶುದ್ಧೀಕರಿಸುವ ಸಸ್ಯತೊಟ್ಟಿ. ಮರದ ಚೂರಿನ ಘಟಕ ಕೆಲವೇ ವರ್ಷಗಳಲ್ಲಿ ನಿಂತುಹೋಗಿ ಗ್ಯಾಸ್ ಬಾಯ್ಲರ್ ಬಂತು, ಸಸ್ಯತೊಟ್ಟಿಯನ್ನೂ ನಿಲ್ಲಿಸಬೇಕಾಯಿತು. ದಪ್ಪ ಗೋಡೆ ಮಾತ್ರ ಇವತ್ತಿಗೂ ಕೆಲಸ ಮಾಡುತ್ತಿದೆ, ಗೋಡೆಗೆ ಆಪರೇಟರ್ ಬೇಕಿಲ್ಲ. ಯಂತ್ರಗಳು ಸೋತವೆಂದು ಬೆಡ್‌ಜೆಡ್ ಸೋತಿತು ಎನ್ನುವವರ ಜೊತೆ ನಾನಿಲ್ಲ. ಅಲ್ಲಿನವರು ಮೀಟರ್‌ಗಳನ್ನು ಓದಿ, ಸೋತದ್ದನ್ನೂ ಸೇರಿಸಿ ಪ್ರಕಟಿಸಿದರು. ಆಮೇಲೆ ಕಟ್ಟಿದವರಿಗೆ ಯಾವುದನ್ನು ನಂಬಬಹುದು ಎಂದು ಗೊತ್ತಾಗಿದ್ದು ಅದರಿಂದ. ವಿನ್ಯಾಸದ ಪ್ರತಿಯೊಂದು ಭಾಗದ ಎದುರೂ "ಇದನ್ನು ಹದಿನೈದನೇ ವರ್ಷ ಯಾರು ನಡೆಸುತ್ತಾರೆ?" ಎಂಬ ಕಲಮು ಇರಬೇಕು ಎಂದು ನಾನು ಒತ್ತಾಯಿಸುವುದೂ ಅದಕ್ಕೇ.

ಇಷ್ಟು ನನ್ನ ಮಾತು. ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

"ಎಲ್ಲವನ್ನೂ ಸೇರಿಸಿ ಒಂದೇ ಅಂಕ ಕೊಟ್ಟರೆ ಜನಕ್ಕೆ ಅರ್ಥವಾಗುವುದು ಸುಲಭ ಅಲ್ಲವೇ ಸರ್?" ಎಂದು ಒಬ್ಬರು ಕೇಳಿದರು. ಸುಲಭ ನಿಜ, ಪತ್ರಿಕೆಯ ತಲೆಬರಹಕ್ಕೂ ಚೆನ್ನಾಗಿರುತ್ತದೆ. ಆದರೆ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಯಾರೋ ಒಬ್ಬರು ಮುಚ್ಚಿದ ಕೋಣೆಯಲ್ಲಿ ನಿರ್ಧರಿಸಿರುತ್ತಾರೆ. ಶಕ್ತಿ, ನೀರು, ಓಡಾಟ, ಬಾಡಿಗೆ, ನೆರಳು, ಹೀಗೆ ಐದಾರು ಅಂಕಿಗಳನ್ನು ಬಿಡಿಬಿಡಿಯಾಗಿ ಕೊಡಿ, ಪ್ರತಿಯೊಂದಕ್ಕೂ ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬ ಗೆರೆ ಎಳೆಯಿರಿ. ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ಹತ್ತು ಸಾಲು ಇರುತ್ತವೆ, ಯಾರೂ ಅದರ ಸರಾಸರಿ ಕೇಳುವುದಿಲ್ಲ.

"ಜನ ಕಿಟಕಿ ತೆರೆದಿಟ್ಟು ಏಸಿ ಹಾಕಿದರೆ ಅದು ವಿನ್ಯಾಸಕಾರರ ತಪ್ಪೇ?" ಎಂದು ವಾಸ್ತುಶಿಲ್ಪಿಯೊಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದರು. ಒಬ್ಬಿಬ್ಬರು ಹಾಗೆ ಮಾಡಿದರೆ ಅವರ ಅಭ್ಯಾಸ. ಅರ್ಧಕ್ಕರ್ಧ ಮನೆಯವರು ಹಾಗೆ ಮಾಡುತ್ತಿದ್ದರೆ ಆ ಕೋಣೆಗೆ ಗಾಳಿ ಸಾಲುತ್ತಿಲ್ಲ ಅಥವಾ ಆ ಯಂತ್ರದ ಗುಂಡಿ ಯಾರಿಗೂ ಅರ್ಥವಾಗುತ್ತಿಲ್ಲ. ಮೊದಲು ಹೋಗಿ ಅವರನ್ನು ಮಾತಾಡಿಸಿ. ಉಳಿತಾಯವಾದ ಹಣದಿಂದ ಜನ ಇನ್ನಷ್ಟು ತಂಪು, ಇನ್ನಷ್ಟು ಬೆಳಕು ಬಳಸುವುದೂ ಇದೆ. ಮುಂಚೆ ಸೆಕೆಯಲ್ಲೇ ಮಲಗುತ್ತಿದ್ದ ಬಡವರ ಮನೆಯಲ್ಲಿ ಹಾಗಾದರೆ ನಾನು ಅದನ್ನು ನಷ್ಟದ ಕಲಮಿಗೆ ಹಾಕಲಾರೆ.

"ಜನ ಬಂದ ಮೇಲೆ ಅಳೆಯಿರಿ ಎನ್ನುತ್ತೀರಿ. ಅಷ್ಟು ಹೊತ್ತಿಗೆ ಬಿಲ್ಡರ್ ಹೋಗಿರುತ್ತಾನೆ, ದುಡ್ಡು ಮುಗಿದಿರುತ್ತದೆ. ಅಳೆಯುವ ಖರ್ಚು ಯಾರದ್ದು?" ಇದು ಹಿಂದಿನ ಸಾಲಿನಿಂದ ಬಂದ ಪ್ರಶ್ನೆ, ಆ ಸಂಜೆಯ ಅತ್ಯಂತ ಮುಖ್ಯ ಪ್ರಶ್ನೆಯೂ ಹೌದು. ಬ್ರಿಟನ್ನಿನಲ್ಲಿ 2009ರಲ್ಲಿ ಸಾಫ್ಟ್ ಲ್ಯಾಂಡಿಂಗ್ಸ್ ಎಂಬ ಒಂದು ಕ್ರಮವನ್ನು ರೂಪಿಸಿದರು. ಅದರ ಪ್ರಕಾರ ವಿನ್ಯಾಸಕಾರರೂ ಗುತ್ತಿಗೆದಾರರೂ ಕಟ್ಟಡ ಹಸ್ತಾಂತರಿಸಿದ ಮೇಲೆ ಮೂರು ವರ್ಷದವರೆಗೆ ಅದರ ಜೊತೆಗಿದ್ದು, ಮೀಟರ್ ಓದಿ, ಬಳಕೆದಾರರ ದೂರು ಕೇಳಿ, ತಿದ್ದುಪಡಿ ಮಾಡಿಕೊಡಬೇಕು. ಬಡಾವಣೆಯ ಮಟ್ಟಕ್ಕೆ ಇದನ್ನು ತರಲು ದೊಡ್ಡ ಕಾನೂನೇನೂ ಬೇಡ, ಒಪ್ಪಂದದಲ್ಲಿ ಎರಡು ಷರತ್ತು ಸಾಕು: ಶುಲ್ಕದ ಒಂದು ಪಾಲನ್ನು ಎರಡನೇ ವರ್ಷದ ಓದಿಕೆ ಬರುವವರೆಗೆ ತಡೆಹಿಡಿಯುವುದು, ಓದಿಕೆ ಏನೇ ಬರಲಿ ಪ್ರಕಟಿಸುವುದು. ಅಳತೆಯ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಮೀಟರು, ಸಮೀಕ್ಷೆ, ಸಿಬ್ಬಂದಿ ಎಂದು ಪ್ರತ್ಯೇಕ ಬಾಬತ್ತಾಗಿ ತೋರಿಸಬೇಕು. ಟೆಂಡರ್ ಮುಗಿದ ಮೇಲೆ ಸೇರಿಸಲು ಹೋದರೆ ಖರ್ಚು ಕಡಿತದ ಸಭೆಯಲ್ಲಿ ಮೊದಲು ಹೊಡೆದುಹಾಕುವ ಬಾಬತ್ತು ಅದೇ ಆಗಿರುತ್ತದೆ.